ಗುಲಾಬಿ ಪುಡಿಯ ಹಿಂದೆ ಹೊರಟು...

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸು, ಮನೆ, ಊರಿನ ಓಡಾಟ, ಎಲ್ಲ ಹಳೆಯ ನೆಪಗಳೇ. ಈಗ ಬರೆಯಲು ಕಾರಣ ನನ್ನ ಚಿಕ್ಕಮ್ಮನ ಮಗ.

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ಅವನ ಫೋನು. ಹೆಂಡತಿಗೆ 31ನೇ ವಾರಕ್ಕೇ ಹೆರಿಗೆಯಾಗಿತ್ತು. ಹೆಣ್ಣು ಮಗು, 1,310 ಗ್ರಾಂ. ಎನ್ಐಸಿಯು ಬಾಗಿಲಲ್ಲಿ ನಿಂತುಕೊಂಡೇ ಮಾತಾಡುತ್ತಿದ್ದ. "ಅಣ್ಣಾ, ಇಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದಾರೆ. ಲ್ಯಾಕ್ಟೋಫೆರಿನ್ ಅಂತೆ, ಪುಡಿ. ಮಗುವಿಗೆ ನಂಜಾಗದ ಹಾಗೆ, ಕರುಳು ಕೆಡದ ಹಾಗೆ ಅಂತ ನರ್ಸಮ್ಮ ಹೇಳಿದ್ರು. ತರಲೇಬೇಕಾ? ನೀನು ಇಂಥದ್ದೆಲ್ಲ ಓದ್ತಿರ್ತೀಯಲ್ಲ..."

ನಾನು ಡಾಕ್ಟರಲ್ಲ. ವೈದ್ಯಕೀಯದ ಇತಿಹಾಸ ಓದುವ ಹುಚ್ಚು ಮಾತ್ರ ಇದೆ, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. "ಡಾಕ್ಟರನ್ನೇ ಸರಿಯಾಗಿ ಕೇಳು, ಈಗ ತಂದುಕೊಡು, ನಾನು ನೋಡಿ ಹೇಳ್ತೀನಿ" ಅಂದೆ. ನೋಡಲು ಕೂತವನು ಮೂರು ವಾರ ಏಳಲಿಲ್ಲ. ಈ ಪುಡಿಯ ಹಿಂದೆ ಬಿಯರ್ ಕಂಪನಿ ಇದೆ, ಕೋಳಿಮೊಟ್ಟೆ ಇದೆ, ಮ್ಯೂಸಿಯಂ ಸೇರಿದ ಒಂದು ಹೋರಿ ಇದೆ! ಅದನ್ನೆಲ್ಲ ನನ್ನೊಬ್ಬನ ತಲೆಯಲ್ಲೇ ಇಟ್ಟುಕೊಳ್ಳಲಾಗದೆ ಇಲ್ಲಿ ಇಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಮೊದಲು ಬಿಯರ್. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್‌ನವರು ಕಟ್ಟಿಸಿದ ಒಂದು ಪ್ರಯೋಗಶಾಲೆ. ಅಲ್ಲಿದ್ದವರು ಸೋರೆನ್ಸೆನ್. ಹೈಸ್ಕೂಲಿನಲ್ಲಿ ನಾವೆಲ್ಲ ಲಿಟ್ಮಸ್ ಕಾಗದ ಅದ್ದಿ ಕಲಿತ ಪಿಎಚ್ ಎಂಬ ಅಳತೆಯನ್ನು 1909ರಲ್ಲಿ ಕೊಟ್ಟವರು ಅವರೇ. 1939ರಲ್ಲಿ ಅವರೂ ಅವರ ಹೆಂಡತಿ ಮಾರ್ಗ್ರೆಥೆಯೂ ಸೇರಿ ಪ್ರಕಟಿಸಿದ ಬರಹವೊಂದರಲ್ಲಿ, ಹಸುವಿನ ಹಾಲು ಒಡೆದಾಗ ಉಳಿಯುವ ನೀರಿನಲ್ಲಿ ಕೆಂಪು ಬಣ್ಣದ ಒಂದು ಪ್ರೋಟೀನ್ ಇದೆ ಎಂಬ ಮಾತು ಬರುತ್ತದೆ. ಅದು ಏನು ಕೆಲಸ ಮಾಡುತ್ತದೆ ಎಂದು ಆಗ ಯಾರಿಗೂ ತಿಳಿಯದು. ಸೋರೆನ್ಸೆನ್ ಅದೇ ವರ್ಷ ತೀರಿಕೊಂಡರು, ಯುದ್ಧ ಶುರುವಾಯಿತು, ಕೆಂಪು ಪ್ರೋಟೀನನ್ನು ಕೇಳುವವರಿರಲಿಲ್ಲ.

ಎರಡನೆಯದು ಕೋಳಿಮೊಟ್ಟೆ. 1944ರಲ್ಲಿ ಅಮೆರಿಕದ ಶೇಡ್ ಮತ್ತು ಕ್ಯಾರೊಲಿನ್ ಎಂಬಿಬ್ಬರು ಮೊಟ್ಟೆಯ ಹಸಿ ಬಿಳಿಭಾಗದಲ್ಲಿ ಬ್ಯಾಕ್ಟೀರಿಯಾ ಯಾಕೆ ಬೆಳೆಯುವುದಿಲ್ಲ ಎಂದು ಹುಡುಕುತ್ತಿದ್ದರು. ಆಮಶಂಕೆ ತರುವ ಶಿಗೆಲ್ಲ, ಕರುಳಿನ ಇ. ಕೊಲೈ ಎಲ್ಲವೂ ಅದರಲ್ಲಿ ತಣ್ಣಗಾಗುತ್ತಿದ್ದವು. ಒಂದೊಂದೇ ಪೌಷ್ಟಿಕಾಂಶ ಸೇರಿಸುತ್ತಾ ಹೋದರು. ಯಾವುದರಿಂದಲೂ ಬದಲಾವಣೆ ಇಲ್ಲ. ಕಬ್ಬಿಣ ಸೇರಿಸಿದ್ದೇ ತಡ, ಬ್ಯಾಕ್ಟೀರಿಯಾಗಳು ಧಾರಾಳವಾಗಿ ಬೆಳೆದವು! ಅಂದರೆ ಮೊಟ್ಟೆಯ ಬಿಳಿಭಾಗ ವಿಷ ಹಾಕಿ ಕೊಲ್ಲುತ್ತಿರಲಿಲ್ಲ. ಅಲ್ಲಿನ ಒಂದು ಪ್ರೋಟೀನ್ ಕಬ್ಬಿಣವನ್ನೆಲ್ಲ ಕಚ್ಚಿ ಹಿಡಿದುಕೊಂಡು, ರೋಗಾಣುಗಳನ್ನು ಉಪವಾಸ ಕೆಡವುತ್ತಿತ್ತು. ಕಣಜಕ್ಕೆ ಬೀಗ ಹಾಕಿದ ಹಾಗೆ.

1960ರ ಹೊತ್ತಿಗೆ ಸ್ವೀಡನ್, ಫ್ರಾನ್ಸ್, ಅಮೆರಿಕ, ಹೀಗೆ ಮೂರು ಕಡೆ ಬೇರೆ ಬೇರೆ ಜನ ಹಾಲಿನ ಆ ಕೆಂಪು ಪ್ರೋಟೀನನ್ನು ಶುದ್ಧವಾಗಿ ಬೇರ್ಪಡಿಸಿದರು. ಅದೂ ಕಬ್ಬಿಣ ಹಿಡಿಯುವುದೇ. ಒಂದು ಅಣು ಎರಡು ಕಬ್ಬಿಣದ ಪರಮಾಣು ಹಿಡಿಯುತ್ತದೆ, ಹಿಡಿದಾಗ ಕೆಂಪಾಗುತ್ತದೆ. ಹಾಲಿನ ಕಬ್ಬಿಣದ ಪ್ರೋಟೀನ್ ಎಂಬರ್ಥದಲ್ಲಿ ಲ್ಯಾಕ್ಟೋಫೆರಿನ್ ಎಂಬ ಹೆಸರು ನಿಂತಿತು. ಆಮೇಲೆ ಕಣ್ಣೀರಿನಲ್ಲಿ, ಜೊಲ್ಲಿನಲ್ಲಿ, ನಮ್ಮ ಬಿಳಿ ರಕ್ತಕಣಗಳಲ್ಲಿ ಕೂಡ ಅದು ಸಿಕ್ಕಿತು. ಆದರೆ ಅದರ ತವರು ಎದೆಹಾಲೇ. ತಾಯಿಯ ಮೊದಲ ದಿನಗಳ ಹಳದಿ ಹಾಲಿನಲ್ಲಿ ಲೀಟರಿಗೆ 5 ಗ್ರಾಂ ಅಥವಾ ಅದಕ್ಕೂ ಹೆಚ್ಚು, ಆಮೇಲಿನ ಹಾಲಿನಲ್ಲಿ 1–2 ಗ್ರಾಂ. ಹಸುವಿನ ಮಾಮೂಲಿ ಹಾಲಿನಲ್ಲಿ ಇದರ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚೇನೂ ಇಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಆ ಹಳದಿ ಹಾಲನ್ನು "ಕೆಟ್ಟ ಹಾಲು" ಎಂದು ಹಿಂಡಿ ಚೆಲ್ಲಿಸುತ್ತಿದ್ದರು. ಹಸು ಕರು ಹಾಕಿದರೆ ಮಾತ್ರ ಗಿಣ್ಣು ಮಾಡಿ ಬೀದಿಗೆಲ್ಲ ಹಂಚುವುದು!

1972ರಲ್ಲಿ ಲಂಡನ್ನಿನ ಬುಲ್ಲೆನ್ ಮತ್ತು ಸಂಗಡಿಗರು ಎರಡು ದಾರಗಳನ್ನು ಗಂಟು ಹಾಕಿದರು. ಎದೆಹಾಲಿನಲ್ಲಿ ಇ. ಕೊಲೈ ಬೆಳೆಯದು, ಕಬ್ಬಿಣ ಬೆರೆಸಿದರೆ ಬೆಳೆಯುತ್ತದೆ. ಗಿನಿಪಿಗ್ ಮರಿಗಳಲ್ಲೂ ನೋಡಿದರು. ತಾಯಿ ಹಾಲು ಕುಡಿದ ಮರಿಗಳ ಕರುಳಿನಲ್ಲಿ ಆ ರೋಗಾಣು ಕಡಿಮೆ, ಡಬ್ಬಿ ಆಹಾರದವುಗಳಲ್ಲಿ ಹೆಚ್ಚು. ಎದೆಹಾಲಿನ ಮಕ್ಕಳಿಗೆ ಭೇದಿ ಕಡಿಮೆ ಎಂದು ಅಜ್ಜಿಯರಿಗೆ ಗೊತ್ತಿದ್ದ ವಿಷಯಕ್ಕೆ ಒಂದು ಕಾರಣ ಸಿಕ್ಕಿತು.

ಈಗ ಮಕ್ಕಳ ಕಡೆ ಬರೋಣ. ಅವಧಿಗೆ ಮುಂಚೆ ಹುಟ್ಟಿದ ಮಗು ಆ ಕಾಲದಲ್ಲಿ ಹೆಚ್ಚಾಗಿ ಸಾಯುತ್ತಿದ್ದದ್ದು ಉಸಿರಿಗೇ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿ, ಎರಡು ದಿನದೊಳಗೆ ಶ್ವಾಸಕೋಶದ ತೊಂದರೆಯಿಂದ ಹೋದ. ಎರಡು ಕಿಲೋಗಿಂತ ಹೆಚ್ಚಿದ್ದ ಮಗು. ಇವತ್ತು ಅಂಥ ಮಗು ಹೋಗುವುದು ಅಪರೂಪ. ಉಸಿರಿನ ಚಿಕಿತ್ಸೆ ಸುಧಾರಿಸಿದಂತೆ ಇನ್ನೂ ಚಿಕ್ಕ ಮಕ್ಕಳು ಬದುಕತೊಡಗಿದರು. ಬದುಕಿದವರಲ್ಲಿ ಇನ್ನೊಂದು ಕಾಯಿಲೆ ಎದ್ದು ಕಾಣತೊಡಗಿತು. ಎರಡು ಮೂರು ವಾರ ಚೆನ್ನಾಗಿಯೇ ಇದ್ದು, ತೂಕ ಏರುತ್ತಿರುವ ಮಗು ಒಂದು ದಿನ ಹಾಲು ಒಲ್ಲೆ ಎನ್ನುತ್ತದೆ. ಹೊಟ್ಟೆ ಉಬ್ಬುತ್ತದೆ. ಮಲದಲ್ಲಿ ರಕ್ತ. ಎಕ್ಸ್‌ರೇ ತೆಗೆದರೆ ಕರುಳಿನ ಗೋಡೆಯೊಳಗೆ ಗಾಳಿಗುಳ್ಳೆಗಳು. ಕರುಳಿನ ತುಂಡೇ ಸತ್ತಿರುತ್ತದೆ. 1965ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾದ ವೈದ್ಯರು ಇದನ್ನು ವಿವರವಾಗಿ ಬರೆದರು. ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್, ವಾರ್ಡಿನ ಭಾಷೆಯಲ್ಲಿ "ನೆಕ್". ಬಂದ ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿ ಇವತ್ತಿಗೂ ಉಳಿಯುವುದಿಲ್ಲ.

ಆ 1965ರ ಬರಹದಲ್ಲಿ ಹೆಸರಿದ್ದವರಲ್ಲಿ ಒಬ್ಬರು ವಿಲಿಯಂ ಸಿಲ್ವರ್‌ಮನ್. ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಮನುಷ್ಯ. ಯಾಕೆಂದರೆ ಒಂಬತ್ತು ವರ್ಷ ಹಿಂದೆ, 1956ರಲ್ಲಿ, ಅವರು ಇನ್ನೊಂದು ಕೆಲಸ ಮಾಡಿದ್ದರು. ಆಗ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆಲ್ಲ ಸೋಂಕು ಬಾರದಿರಲಿ ಎಂದು ಮುಂಚಿತವಾಗಿಯೇ ಪೆನಿಸಿಲಿನ್ ಜೊತೆ ಒಂದು ಸಲ್ಫಾ ಔಷಧ ಕೊಡುವ ಪದ್ಧತಿ ಅವರ ಆಸ್ಪತ್ರೆಯಲ್ಲಿತ್ತು. ಅದಕ್ಕೆ ಬದಲು ಇನ್ನೊಂದು ಔಷಧ ಕೊಟ್ಟು ನೋಡೋಣ ಎಂಬ ಮಾತು ಬಂತು. ಸಿಲ್ವರ್‌ಮನ್ ಅದನ್ನು ಸುಮ್ಮನೆ ಬದಲಾಯಿಸಲಿಲ್ಲ, ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು. ಫಲಿತಾಂಶ ನೋಡಿ ಎಲ್ಲರೂ ಬೆಚ್ಚಿದರು. ಸಲ್ಫಾ ಪಡೆದ ಗುಂಪಿನಲ್ಲೇ ಸಾವು ಹೆಚ್ಚು, ಅದೂ ಸೋಂಕಿನಿಂದಲ್ಲ. ಆ ಔಷಧ ರಕ್ತದಲ್ಲಿ ಕಾಮಾಲೆಯ ಹಳದಿ ವಸ್ತುವನ್ನು ಅದರ ಜಾಗದಿಂದ ತಳ್ಳಿ, ಅದು ಹೋಗಿ ಮಿದುಳಿಗೆ ಸೇರುವಂತೆ ಮಾಡುತ್ತಿತ್ತು. ಹೋಲಿಸಿ ನೋಡಿರದಿದ್ದರೆ, "ಪಾಪ, ಮೊದಲೇ ಕೂಸು ಚಿಕ್ಕದು" ಎಂದುಕೊಂಡು ಇನ್ನೂ ಎಷ್ಟು ವರ್ಷ ಕೊಡುತ್ತಲೇ ಇರುತ್ತಿದ್ದರೋ...

ಮೂರೇ ವರ್ಷಕ್ಕೆ ಇನ್ನೊಂದು. 1959ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮುಂಜಾಗ್ರತೆಗೆಂದು ಕ್ಲೋರಾಂಫೆನಿಕಾಲ್ ಕೊಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 60 ಸತ್ತರು. ಏನೂ ಕೊಡದ ಗುಂಪಿನಲ್ಲಿ 19. ಎಳೆ ಮಗುವಿನ ಯಕೃತ್ತಿಗೆ ಆ ಔಷಧವನ್ನು ಅರಗಿಸುವ ಶಕ್ತಿಯಿರಲಿಲ್ಲ. ಮೈ ಬೂದು ಬಣ್ಣಕ್ಕೆ ತಿರುಗಿ ಹೋಗುತ್ತಿದ್ದವು.

ಇದನ್ನು ಯಾಕೆ ಇಷ್ಟು ಬೆಳೆಸಿದೆ ಎಂದರೆ, "ಕೊಟ್ಟರೆ ಏನು ನಷ್ಟ?" ಎಂದು ನನ್ನ ತಮ್ಮ ಆ ರಾತ್ರಿ ಕೇಳಿದ್ದ. ನ್ಯಾಯವಾದ ಪ್ರಶ್ನೆಯೇ. ಆ ಪ್ರಶ್ನೆಗೆ ಇಂಥ ಹಳೆಯ ಉತ್ತರಗಳಿವೆ.

ಆದರೆ ಪ್ರೋಟೀನು ಔಷಧದ ಹಾಗಲ್ಲವಲ್ಲ, ಹಾಲಿನದೇ ಅಂಶ ಅಲ್ಲವೇ? ಹೀಗೇ ಯೋಚಿಸಿದವರು ಬೇಕಾದಷ್ಟು ಜನ. 1988ರಲ್ಲಿ ವಿಯೆನ್ನಾದ ಮಾರ್ಥಾ ಐಬ್ಲ್ ಅವರ ತಂಡ, ತಾಯಿಯ ಹಾಲು ಸಿಗದ ಚಿಕ್ಕ ಮಕ್ಕಳಿಗೆ ಮನುಷ್ಯ ರಕ್ತದಿಂದ ತೆಗೆದ ಪ್ರತಿಕಾಯ ಪ್ರೋಟೀನುಗಳನ್ನು ಬಾಯಿಯ ಮೂಲಕ ಕೊಟ್ಟಿತು. ಪಡೆದ 88 ಮಕ್ಕಳಲ್ಲಿ ಒಂದಕ್ಕೂ ನೆಕ್ ಬರಲಿಲ್ಲ, ಪಡೆಯದ 91ರಲ್ಲಿ 6ಕ್ಕೆ ಬಂತು. ದೊಡ್ಡ ಪತ್ರಿಕೆಯಲ್ಲಿ ಅಚ್ಚಾಯಿತು, ಎಲ್ಲೆಡೆ ಸಂಭ್ರಮ. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಆ ಲಾಭ ಕರಗಿಹೋಯಿತು. ಸೋಂಕು ತಗುಲಿದ ಮಕ್ಕಳ ರಕ್ತನಾಳಕ್ಕೇ ಪ್ರತಿಕಾಯ ಕೊಟ್ಟ ಇನ್ನೊಂದು ಪ್ರಯೋಗ ಒಂಬತ್ತು ದೇಶಗಳಲ್ಲಿ 3,493 ಮಕ್ಕಳ ಮೇಲೆ ನಡೆದು 2011ರಲ್ಲಿ ಮುಗಿಯಿತು. ಸಾವು ಅಥವಾ ಅಂಗವೈಕಲ್ಯ ಎರಡೂ ಗುಂಪಿನಲ್ಲಿ ಶೇಕಡಾ 39. ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಇಷ್ಟರ ನಡುವೆ 1990ರಲ್ಲಿ ಬ್ರಿಟನ್ನಿನ ಲೂಕಾಸ್ ಮತ್ತು ಕೋಲ್ 926 ಮಕ್ಕಳ ಲೆಕ್ಕ ಮುಂದಿಟ್ಟರು. ಬರೀ ಡಬ್ಬಿ ಹಾಲು ಕುಡಿದ ಮಕ್ಕಳಿಗೆ, ಬರೀ ಎದೆಹಾಲು ಕುಡಿದವರಿಗಿಂತ ನೆಕ್ 6ರಿಂದ 10 ಪಟ್ಟು ಹೆಚ್ಚು. ಎದೆಹಾಲಿನಲ್ಲಿ ಏನೋ ಇದೆ. ಆ "ಏನೋ" ಯಾವುದು? ಅದೊಂದನ್ನೇ ತೆಗೆದು ಡಬ್ಬಿಗೆ ಹಾಕಿದರೆ? ಲ್ಯಾಕ್ಟೋಫೆರಿನ್ ಕಡೆ ಎಲ್ಲರ ಕಣ್ಣು ಹೋದದ್ದು ಹೀಗೆ.

ಜಪಾನಿನ ಮೊರಿನಾಗ ಕಂಪನಿ 1986ರಲ್ಲೇ ಹಸುವಿನ ಲ್ಯಾಕ್ಟೋಫೆರಿನ್ ಬೆರೆಸಿದ ಮಕ್ಕಳ ಹಾಲಿನಪುಡಿ ತಂದಿತ್ತು. ಚೀಸ್ ಮಾಡುವ ಕಾರ್ಖಾನೆಗಳಲ್ಲಿ ಮಿಕ್ಕ ನೀರನ್ನು ಸೋಸಿ ತೆಗೆಯುವುದು ಅದು. ತೆಳು ಗುಲಾಬಿ ಬಣ್ಣದ ಪುಡಿ. ಆದರೆ ಹಸುವಿನದಲ್ಲ, ಮನುಷ್ಯರದೇ ಬೇಕು ಎಂದವರೂ ಇದ್ದರು. ಹೋರಿಯ ಪ್ರವೇಶ ಇಲ್ಲಿ :)

1990ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನಲ್ಲಿ ಹರ್ಮನ್ ಹುಟ್ಟಿದ. ಮನುಷ್ಯರ ಲ್ಯಾಕ್ಟೋಫೆರಿನ್ ಜೀನನ್ನು ಭ್ರೂಣದಲ್ಲೇ ಸೇರಿಸಿದ, ಜಗತ್ತಿನ ಮೊದಲ ಕುಲಾಂತರಿ ದನ. ಹುಟ್ಟಿದ್ದು ಗಂಡು ಕರು! ಹಾಲು ಕೊಡಬೇಕಾದರೆ ಹೆಣ್ಣು ಸಂತಾನ ಬೇಕು. ಹರ್ಮನ್‌ಗೆ ಸಂತಾನ ಆಗಬಹುದೇ ಬೇಡವೇ ಎಂದು ಅಲ್ಲಿನ ಸಂಸತ್ತಿನಲ್ಲೇ ಚರ್ಚೆಯಾಗಿ 1992ರಲ್ಲಿ ಒಪ್ಪಿಗೆ ಸಿಕ್ಕಿತು. 1994ರಲ್ಲಿ ಕರುಗಳು ಹುಟ್ಟಿದವು. ಪ್ರಯೋಗ ಮುಗಿದ ಮೇಲೆ ಕಾನೂನಿನ ಪ್ರಕಾರ ಅವನನ್ನು ಕೊಲ್ಲಬೇಕಿತ್ತು, ಜನ ಗಲಾಟೆ ಮಾಡಿ ಉಳಿಸಿಕೊಂಡರು. ಲೈಡೆನ್ನಿನ ನ್ಯಾಚುರಾಲಿಸ್ ಮ್ಯೂಸಿಯಮ್ಮಿನ ಆಶ್ರಯದಲ್ಲಿ ಕೊನೆಗಾಲ ಕಳೆದು, ಕೀಲುನೋವು ಜಾಸ್ತಿಯಾಗಿ 2004ರ ಏಪ್ರಿಲ್ 2ರಂದು ದಯಾಮರಣ ಪಡೆದ. ಅವನ ಮಕ್ಕಳ ಹಾಲು ಯಾವ ಎನ್ಐಸಿಯುವನ್ನೂ ಬದಲಿಸಲಿಲ್ಲ. ಇನ್ನೊಂದು ದಾರಿಯಲ್ಲಿ ಮಾಡಿದ ಮಾನವ ಲ್ಯಾಕ್ಟೋಫೆರಿನ್‌ನ ಔಷಧವೊಂದನ್ನು ತೀವ್ರ ನಂಜಿನ ದೊಡ್ಡವರಿಗೆ ಕೊಟ್ಟು ನೋಡಿದ ಪ್ರಯೋಗವನ್ನು, ಔಷಧ ಪಡೆದವರಲ್ಲೇ ಸಾವು ಹೆಚ್ಚು ಕಂಡದ್ದರಿಂದ, 2012ರಲ್ಲಿ ನಡುವಿನಲ್ಲೇ ನಿಲ್ಲಿಸಬೇಕಾಯಿತು. ಹಾಲಿನ ಅಂಶವಾದರೂ ಸರಿ, ನೋಡದೆ ಹೇಳುವ ಹಾಗಿಲ್ಲ.

ಹಸುವಿನ ಪುಡಿಗೆ ಸಿಕ್ಕ ದೊಡ್ಡ ಗೆಲುವು 2009ರದ್ದು. ಇಟಲಿಯ ಪಾವ್ಲೊ ಮಂಜೋನಿ ಮತ್ತು ಸಂಗಡಿಗರು, 11 ಎನ್ಐಸಿಯುಗಳು, ಒಂದೂವರೆ ಕಿಲೋಗಿಂತ ಕಡಿಮೆ ತೂಕದ 472 ಮಕ್ಕಳು. ದಿನಕ್ಕೆ 100 ಮಿಲಿಗ್ರಾಂ. ಏನೂ ಪಡೆಯದ ಗುಂಪಿನಲ್ಲಿ ರಕ್ತಕ್ಕೆ ನಂಜು ಏರಿದ್ದು ಶೇಕಡಾ 17.3, ಪುಡಿ ಪಡೆದವರಲ್ಲಿ 5.9, ಪುಡಿಯ ಜೊತೆ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ಪಡೆದವರಲ್ಲಿ 4.6. ಮೂರನೇ ಒಂದು! ನ್ಯೂಜಿಲೆಂಡಿನ ಮಕ್ಕಳೂ ಸೇರಿ 2014ರಲ್ಲಿ ಬಂದ ಲೆಕ್ಕದಲ್ಲಿ ನೆಕ್ ಕೂಡ ಕಡಿಮೆ: ಪಡೆಯದವರಲ್ಲಿ 258ಕ್ಕೆ 14, ಪುಡಿ ಪಡೆದವರಲ್ಲಿ 247ಕ್ಕೆ 5, ಎರಡೂ ಪಡೆದ 238ರಲ್ಲಿ ಒಂದೂ ಇಲ್ಲ. ನಮ್ಮ ದೇಶದಲ್ಲಿ ಹರಿಯಾಣದ ರೋಹತಕ್‌ನಲ್ಲೂ 130 ಮಕ್ಕಳ ಮೇಲೆ ನೋಡಿ, 2015ರಲ್ಲಿ ನಂಜು ತಗ್ಗಿತು ಎಂದೇ ಬರೆದರು. ನಮ್ಮ ಮೆಡಿಕಲ್ ಶಾಪುಗಳಿಗೆ ಸ್ಯಾಶೆ ಬರಲು ಇಷ್ಟು ಸಾಕಾಯಿತು.

ನಾನು ಇಲ್ಲಿಯವರೆಗೆ ಓದಿದ್ದು ಒಂದು ರಾತ್ರಿ. ಆಗಲೇ ತಮ್ಮನಿಗೆ ಫೋನ್ ಮಾಡಿ "ತಂದುಕೊಡು ಮಾರಾಯ, ಒಳ್ಳೇದಿದೆ" ಅನ್ನಬೇಕೆನ್ನಿಸಿತು. ಮೊಬೈಲ್ ಕೈಗೆ ತೆಗೆದುಕೊಂಡೂ ಇದ್ದೆ. ಗಂಟೆ ಒಂದಾಗಿತ್ತು, ಹಾಗಾಗಿ ಬಿಟ್ಟೆ.

ಮರುದಿನ ಓದಿದ್ದು 2019ರದ್ದು. ಬ್ರಿಟನ್ನಿನವರು ಎಲ್ಫಿನ್ ಎಂಬ ಹೆಸರಿನಲ್ಲಿ 37 ಆಸ್ಪತ್ರೆಗಳಲ್ಲಿ, 32 ವಾರ ತುಂಬುವ ಮೊದಲೇ ಹುಟ್ಟಿದ 2,203 ಮಕ್ಕಳನ್ನು ಸೇರಿಸಿದರು. ಅರ್ಧಕ್ಕೆ ಲ್ಯಾಕ್ಟೋಫೆರಿನ್, ಇನ್ನರ್ಧಕ್ಕೆ ಸಕ್ಕರೆಪುಡಿ. ಇಟಲಿಗಿಂತ ಡೋಸೂ ಹೆಚ್ಚು, ಕಿಲೋ ತೂಕಕ್ಕೆ 150 ಮಿಲಿಗ್ರಾಂ. ಸೋಂಕು ಆದದ್ದು ಲ್ಯಾಕ್ಟೋಫೆರಿನ್ ಗುಂಪಿನಲ್ಲಿ 316 ಮಕ್ಕಳಿಗೆ, ಸಕ್ಕರೆ ಗುಂಪಿನಲ್ಲಿ 334 ಮಕ್ಕಳಿಗೆ. ಶೇಕಡಾ 29, ಶೇಕಡಾ 31. ಇದು ಬರೀ ಆಕಸ್ಮಿಕದಿಂದಲೂ ಆಗುವಷ್ಟು ವ್ಯತ್ಯಾಸ. ನೆಕ್‌ನಲ್ಲೂ ಲಾಭ ಕಾಣಲಿಲ್ಲ. ಮರುವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ 1,542 ಮಕ್ಕಳ ಪ್ರಯೋಗವೂ ಅದನ್ನೇ ಹೇಳಿತು: ಸಾವು ಅಥವಾ ದೊಡ್ಡ ತೊಂದರೆ ಒಂದು ಕಡೆ ಶೇಕಡಾ 21, ಇನ್ನೊಂದು ಕಡೆ 22. ಪೆರುವಿನ 414 ಮಕ್ಕಳಲ್ಲಿ ಸೋಂಕು ಸ್ವಲ್ಪ ಕಡಿಮೆ ಕಂಡರೂ ನಂಬುವಷ್ಟಿರಲಿಲ್ಲ. ಎಲ್ಲ ಪ್ರಯೋಗಗಳನ್ನೂ ಕೂಡಿಸಿ ನೋಡುವ ಕಾಕ್ರೇನ್‌ನವರು 2020ರಲ್ಲಿ ಹೇಳಿದ್ದು: ನಂಜು ಸ್ವಲ್ಪ ತಗ್ಗಬಹುದು, ಆದರೆ ಪುರಾವೆ ದುರ್ಬಲ, ನೆಕ್ ತಗ್ಗುವುದಿಲ್ಲ, ಸಾವು ತಗ್ಗುವುದಿಲ್ಲ. ಗೆದ್ದ ಚಿಕ್ಕ ಪ್ರಯೋಗಗಳಷ್ಟೇ ಅಚ್ಚಾಗಿ, ಸೋತ ಚಿಕ್ಕ ಪ್ರಯೋಗಗಳು ಕಪಾಟಿನಲ್ಲೇ ಉಳಿದಿರಬಹುದು ಎಂಬ ಅನುಮಾನವನ್ನೂ ಸೇರಿಸಿದ್ದಾರೆ. ಸಮಾಧಾನದ ಸಂಗತಿಯೊಂದಿದೆ. ಈ ಪುಡಿಯಿಂದ ಮಕ್ಕಳಿಗೆ ಕೆಡುಕಾದದ್ದೂ ಕಂಡುಬಂದಿಲ್ಲ. ಸಲ್ಫಾದ ಕಥೆ ಇಲ್ಲಿ ಮರುಕಳಿಸಲಿಲ್ಲ.

ಇಟಲಿಯವರು ಸುಳ್ಳು ಹೇಳಿದರೇ? ನನಗೆ ಹಾಗನ್ನಿಸುವುದಿಲ್ಲ. ಐನೂರು ಮಕ್ಕಳನ್ನು ಮೂರು ಪಾಲು ಮಾಡಿದರೆ ಒಂದೊಂದು ಗುಂಪಿನಲ್ಲಿ ಕಾಯಿಲೆ ಬಿದ್ದವರು ಬೆರಳೆಣಿಕೆ. ಅತ್ತಿತ್ತ ನಾಲ್ಕು ಮಕ್ಕಳಾದರೂ ಲೆಕ್ಕವೆಲ್ಲ ಏರುಪೇರು. ಐಬ್ಲ್ ಅವರ ಆರಕ್ಕೆ ಸೊನ್ನೆಯೂ ಹಾಗೆಯೇ. ಮತ್ತೆ ಎದೆಹಾಲು ಎಂದರೆ ಒಂದೇ ಪ್ರೋಟೀನಲ್ಲವಲ್ಲ. ಪ್ರತಿಕಾಯಗಳು, ಸಕ್ಕರೆಗಳು, ಜೀವಂತ ಕಣಗಳು ಎಲ್ಲ ಸೇರಿ ಅದು. ಸಾರಿನಿಂದ ಇಂಗು ಮಾತ್ರ ತೆಗೆದು ಬಿಸಿನೀರಿಗೆ ಹಾಕಿದರೆ ಸಾರಾಗುತ್ತದೆಯೇ? ಇದು ನನ್ನ ಊಹೆ, ತಜ್ಞರು ನಗಬಹುದು.

ಹಾಲನ್ನೇ ಕೊಡುವ ದಾರಿ ಇದಕ್ಕಿಂತ ಹಳೆಯದು. 1909ರಲ್ಲಿ ವಿಯೆನ್ನಾದಲ್ಲಿ ಮೊದಲ ತಾಯಿಹಾಲಿನ ಬ್ಯಾಂಕ್ ಶುರುವಾಯಿತು. ಕಾಕತಾಳೀಯ ನೋಡಿ, 1885ರಲ್ಲಿ ಮಕ್ಕಳ ಮಲದಲ್ಲಿ ಇ. ಕೊಲೈಯನ್ನು ಮೊದಲು ಕಂಡ ಎಶೆರಿಶ್ ಆಗ ಇದ್ದದ್ದು ಅದೇ ಊರಿನಲ್ಲಿ. ನಮ್ಮಲ್ಲಿ 1989ರಲ್ಲಿ ಮುಂಬೈನ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಶುರುಮಾಡಿದರು, ಏಷ್ಯಾಕ್ಕೇ ಮೊದಲು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ "ಅಮೃತಧಾರೆ" ಬಂದದ್ದು 2022ರಲ್ಲಿ. ದಾನದ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ, ಆಗ ಲ್ಯಾಕ್ಟೋಫೆರಿನ್‌ನ ಬಹುಪಾಲು ಹಾಳಾಗುತ್ತದೆ. ಆದರೂ ನೆಕ್ ತಡೆಯುವುದರಲ್ಲಿ ಅದು ಡಬ್ಬಿ ಹಾಲಿಗಿಂತ ಮೇಲು. ಹಾಗಾದರೆ ಆ ಕೆಲಸ ಮಾಡುತ್ತಿರುವುದು ಲ್ಯಾಕ್ಟೋಫೆರಿನ್ ಒಂದೇ ಅಲ್ಲ ಎಂದಾಯಿತು.

ತಮ್ಮನಿಗೆ ಇದನ್ನೆಲ್ಲ ಹೇಳಲಿಲ್ಲ. ಎರಡು ಮಾತು ಹೇಳಿ, ಡಾಕ್ಟರನ್ನು ಕೇಳು ಎಂದೆ. ಕೇಳಿದನಂತೆ. ಅವರು ಬೇಸರ ಮಾಡಿಕೊಳ್ಳದೆ, "ಕೊಟ್ಟರೆ ತೊಂದರೆ ಇಲ್ಲ, ದುಡ್ಡಿಗೆ ಕಷ್ಟವಾದರೆ ಬಿಡಿ, ಆದರೆ ನಿಮ್ಮ ಮನೆಯವರ ಹಾಲು ಮಾತ್ರ ಒಂದು ಹೊತ್ತೂ ತಪ್ಪಬಾರದು" ಅಂದರಂತೆ. ತಂದಿದ್ದ ಸ್ಯಾಶೆಗಳು ಮುಗಿಯುವವರೆಗೆ ಕೊಟ್ಟರು, ಮತ್ತೆ ತರಲಿಲ್ಲ. ಅವನ ಹೆಂಡತಿ ಮೂರು ಗಂಟೆಗೊಮ್ಮೆ, ರಾತ್ರಿ ಎರಡಕ್ಕೂ ಎದ್ದು, ಕೈಯಿಂದ ಹಾಲು ಹಿಂಡಿ ಸ್ಟೀಲ್ ಬಟ್ಟಲಲ್ಲಿ ಒಳಗೆ ಕಳಿಸುತ್ತಾಳೆ. ಮೊದಲ ದಿನ ಸಿಕ್ಕಿದ್ದು ನಾಲ್ಕು ಹನಿ, ಹಳದಿ. ಚಿಕ್ಕಮ್ಮ ಅದನ್ನು ಚೆಲ್ಲು ಅನ್ನಲಿಲ್ಲ.

ಮೊನ್ನೆ ಭಾನುವಾರ ಫೋಟೋ ಕಳಿಸಿದ್ದ. ಮೂಗಿನ ನಳಿಕೆ ತೆಗೆದಿದ್ದಾರೆ. 1,720 ಗ್ರಾಂ.